ನಾಲ್ಕನೆಯದಾಗಿ ಬಂದ ಕುದುರೆಯ ಪರವಾಗಿ

ಶಿವಾಜಿನಗರದ ಬ್ರಾಡ್‌ವೇ ರಸ್ತೆಯ ಚಹಾದಂಗಡಿಯಲ್ಲಿ ಕೂತು ಆ ಮೂರು ವರ್ಷದ ಹೆಣ್ಣು ಕುದುರೆಗೆ ನೀವೆಲ್ಲ ತೀರ್ಪು ಬರೆದುಬಿಟ್ಟಿರಿ. ಎರಡು ರೇಸು ಓಡಿತು, ಎರಡರಲ್ಲೂ ನಾಲ್ಕನೆಯದು, ಇನ್ನು ಅದರ ಕಥೆ ಮುಗಿಯಿತು ಎಂದಿರಿ. ಕುದುರೆಯ ಹೆಸರು ಬರೆಯುವುದಿಲ್ಲ, ಬಾಜಿಗೆ ಸುಳಿವು ಕೊಡುವುದು ನನ್ನ ಉದ್ದೇಶವಲ್ಲ. ನಿಮ್ಮ ತೀರ್ಪು ತಪ್ಪು ಎಂದಷ್ಟೇ ಹೇಳಬೇಕಾಗಿದೆ.

ಸೋತದ್ದೇ ಸಾಕ್ಷಿ ಎನ್ನುತ್ತೀರಿ. ಹೇಗೆ ಸೋತಿತು ನೋಡಿದಿರಾ? ಎರಡೂ 1100 ಮೀಟರಿನ ಓಟ. ಗೇಟು ತೆರೆದಾಗ ಎರಡು ಸಲವೂ ಹಿಂದೆ ಬಿತ್ತು. ಕೊನೆಯ 200 ಮೀಟರಿನಲ್ಲಿ ಮುಂದಿದ್ದವು ಏದುಸಿರು ಬಿಡುವಾಗ ಇದೊಂದೇ ಹೆಜ್ಜೆ ಹಿಗ್ಗಿಸುತ್ತ ಬಂತು. ಗೆರೆ ದಾಟಿದ ಮೇಲೆ ಅದನ್ನು ನಿಲ್ಲಿಸಲು ಜಾಕಿ ಹೆಣಗಿದ. ಇದು ದೂರ ಸಾಲದ ಕುದುರೆ, ದಮ್ಮು ಸಾಲದ್ದಲ್ಲ. 1972ರ ಜುಲೈ 4ರಂದು ನ್ಯೂಯಾರ್ಕಿನಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ತನ್ನ ಮೊದಲ ರೇಸನ್ನು, ಅದೂ 1100 ಮೀಟರಿನದನ್ನೇ, ನಾಲ್ಕನೆಯದಾಗಿ ಮುಗಿಸಿತ್ತು. ಮರುವರ್ಷ ಬೆಲ್ಮಾಂಟಿನಲ್ಲಿ 2400 ಮೀಟರನ್ನು 31 ಲೆಂತ್ ಅಂತರದಲ್ಲಿ ಗೆದ್ದಿತು. ನಮ್ಮದು ಸೆಕ್ರೆಟೇರಿಯಟ್ ಎನ್ನುತ್ತಿಲ್ಲ. ಸ್ಥಾನ ನೋಡಿ ಓಟ ಅಳೆಯಬೇಡಿ ಎನ್ನುತ್ತಿದ್ದೇನೆ.

ವಯಸ್ಸನ್ನಂತೂ ನೀವು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೇ ಒಂದು ವರ್ಷ ಕೂಡುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಏಪ್ರಿಲ್ ಕೊನೆಯಲ್ಲಿ ಹುಟ್ಟಿದ್ದೂ ಕಾಗದದ ಮೇಲೆ ಓರಗೆಯವು. ಇದು ಏಪ್ರಿಲ್ ಕೊನೆಯದು. ಮೊಣಕಾಲಿನ ಮೇಲಿನ ಎಲುಬು ಬಲಿಯುವುದೇ ಎರಡೂವರೆ ವರ್ಷದ ಹೊತ್ತಿಗೆ. ಬೆನ್ನೆಲುಬಿಗೆ ಐದು ವರ್ಷವಾದರೂ ಬೇಕು. ಪ್ಯಾಡಕ್‌ನಲ್ಲಿ ಹತ್ತಿರದಿಂದ ನೋಡಿದೆ: ಹಿಂಭಾಗ ಎತ್ತರ, ಹೆಗಲು ಇನ್ನೂ ತುಂಬಿಲ್ಲ. ಬೆಳೆಯುತ್ತಿರುವ ಕುದುರೆಯ ಗುರುತು ಅದು.

ತಾಯಿಯ ಕಡೆ ಹೆಸರಿಲ್ಲವೆಂದಿರಿ. ವಂಶಕ್ಕೆ ಹೆಸರಿದ್ದ ಮಾತ್ರಕ್ಕೆ ಕುದುರೆ ಓಡುತ್ತದೆಯೇ? 1983ರಲ್ಲಿ 102 ಲಕ್ಷ ಡಾಲರಿಗೆ ಹರಾಜಾದ ಸ್ನಾಫಿ ಡ್ಯಾನ್ಸರ್ ಹೆಸರಾಂತ ನಾರ್ದರ್ನ್ ಡ್ಯಾನ್ಸರ್‌ನ ಮಗ. ಒಂದು ರೇಸೂ ಓಡಲಿಲ್ಲ. ಬರೀ 17,500 ಡಾಲರಿಗೆ ಹೋದ ಸಿಯಾಟಲ್ ಸ್ಲೂ 1977ರಲ್ಲಿ ಅಮೆರಿಕದ ತ್ರಿವಳಿ ಕಿರೀಟ ಗೆದ್ದಿತು.

ಮುಂಜಾನೆಯ ಟ್ರ್ಯಾಕ್‌ವರ್ಕ್ ಟೈಮಿಂಗ್ ಕೆಟ್ಟದಾಗಿತ್ತಂತೆ. ಮೇಲೆ ಕೂತವನ ತೂಕವೆಷ್ಟು, ಕಂಬಿಯಿಂದ ಎಷ್ಟು ದೂರದಲ್ಲಿ ಓಡಿಸಿದ, ಟ್ರೈನರ್ ಎಷ್ಟು ಬಿಡಲು ಹೇಳಿದ್ದರು? ಇದು ತಿಳಿಯದೆ ಸ್ಟಾಪ್‌ವಾಚಿನ ಅಂಕಿಗೆ ಅರ್ಥವಿಲ್ಲ.

ಎಲ್ಲವೂ ಅದೃಷ್ಟ ಎಂದ ಹಿರಿಯರಿಗೆ ಒಂದೇ ಮಾತು. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟವೆಂದೇ ತೀರ್ಪಿತ್ತಿದೆ.

ನಿಮ್ಮದೊಂದು ಮಾತು ಒಪ್ಪುತ್ತೇನೆ: ಗೇಟಿನಲ್ಲಿ ಅದು ಬೆದರುತ್ತದೆ. ಅದಕ್ಕೆ ಮದ್ದು ಅಭ್ಯಾಸ, ಚಾಟಿಯಲ್ಲ.

ಚಳಿಗಾಲದ ರೇಸು ಬರುವವರೆಗೆ ಮಾಲೀಕರು ಅದಕ್ಕೆ ವಿಶ್ರಾಂತಿ ಕೊಡಲಿ, ಆಮೇಲೆ 1600 ಮೀಟರಿಗೆ ಇಳಿಸಲಿ. ಅಂದು ನೀವೂ ಹೈಗ್ರೌಂಡ್ಸ್‌ನ ರೇಸ್‌ಕೋರ್ಸಿಗೆ ಬಂದು ಕೊನೆಯ 400 ಮೀಟರ್ ಕಣ್ಣಾರೆ ನೋಡಿ.