ಟೇಬಲ್ ಚಿಕ್ಕದಾದರೆ ಪೂಲ್ ಆಟ ಸುಲಭವೇ?

ಅಮೆರಿಕದ ಪೂಲ್ ದಂತಕಥೆ ವಿಲ್ಲಿ ಮೊಸ್ಕೋನಿ 1954ರ ಮಾರ್ಚ್‌ನಲ್ಲಿ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ ಸತತ 526 ಚೆಂಡುಗಳನ್ನು ಪಾಕೆಟ್‌ಗೆ ಇಳಿಸಿದ್ದರು. 'ಸ್ಟ್ರೇಟ್ ಪೂಲ್' ಪ್ರಕಾರದ ಈ ಸಾಧನೆ ದಶಕಗಳ ಕಾಲ ಆಟಗಾರರ ಕಣ್ಣೆದುರಿನ ಶಿಖರವಾಗಿತ್ತು. 65 ವರ್ಷಗಳ ನಂತರ, 2019ರ ಮೇ ತಿಂಗಳಲ್ಲಿ ಜಾನ್ ಸ್ಮಿಟ್ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ 626 ಚೆಂಡುಗಳನ್ನು ಇಳಿಸಿ ಅದನ್ನು ಹಿಂದಿಕ್ಕಿದರು. ಆದರೆ ಇಲ್ಲೊಂದು ತೊಡಕಿದೆ. ಮೊಸ್ಕೋನಿ ಆಡಿದ್ದು 8 ಅಡಿಯ ಟೇಬಲ್‌ನಲ್ಲಿ, ಸ್ಮಿಟ್ ಆಡಿದ್ದು 9 ಅಡಿಯದರಲ್ಲಿ. ಹೀಗಿರುವಾಗ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಕ್ರಿಕೆಟ್ ಪಿಚ್‌ನ ಉದ್ದ ಊರಿಂದ ಊರಿಗೆ ಬದಲಾಗುವುದಿಲ್ಲ. ಟೆನಿಸ್ ಅಂಕಣವೂ ಹಾಗೆಯೇ. ಪೂಲ್ ಮಾತ್ರ ಇದಕ್ಕೆ ಅಪವಾದ. ವೃತ್ತಿಪರರ ಪ್ರಮುಖ ಪಂದ್ಯಾವಳಿಗಳು ಸಾಮಾನ್ಯವಾಗಿ 9 ಅಡಿಯ ಟೇಬಲ್‌ಗಳಲ್ಲಿ ನಡೆದರೆ, ಅಮೆರಿಕದ ಬಾರ್‌ಗಳಲ್ಲಿ ಮತ್ತು ಹವ್ಯಾಸಿ ಲೀಗ್‌ಗಳಲ್ಲಿ 7 ಅಡಿಯ ಟೇಬಲ್‌ಗಳದ್ದೇ ಪಾರುಪತ್ಯ. ಇಂಡಿಯಾನಾದಲ್ಲಿ ನಡೆಯುವ ಡರ್ಬಿ ಸಿಟಿ ಕ್ಲಾಸಿಕ್ ಕೂಟದಲ್ಲಿ 'ಬಿಗ್‌ಫುಟ್' ಹೆಸರಿನಲ್ಲಿ 10 ಅಡಿಯ ಟೇಬಲ್‌ನ ಸ್ಪರ್ಧೆಯೂ ನಡೆದಿದೆ. ಚಿಕ್ಕ ಟೇಬಲ್ ಎಂದರೆ ಸುಲಭ, ದೊಡ್ಡದೆಂದರೆ ಕಠಿಣ ಎಂಬುದು ಸಾಮಾನ್ಯ ನಂಬಿಕೆ. ವೃತ್ತಿಪರರ ಮಟ್ಟಿಗೆ ಈ ನಂಬಿಕೆ ಅರ್ಧಸತ್ಯ ಮಾತ್ರ.

ಅಂಗುಲದ ಲೆಕ್ಕ: 9 ಅಡಿಯ ಟೇಬಲ್‌ನ ಆಟದ ಅಂಗಣ 100 ಅಂಗುಲ ಉದ್ದ, 50 ಅಂಗುಲ ಅಗಲ. 7 ಅಡಿಯದ್ದು ಸುಮಾರು 78 ಅಂಗುಲ ಉದ್ದ, 39 ಅಂಗುಲ ಅಗಲ. ಅಂದರೆ ದೊಡ್ಡ ಟೇಬಲ್‌ನ ವಿಸ್ತೀರ್ಣ ಚಿಕ್ಕದಕ್ಕಿಂತ ಶೇ 60ಕ್ಕೂ ಹೆಚ್ಚು. ಆದರೆ ಚೆಂಡಿನ ವ್ಯಾಸ ಎರಡರಲ್ಲೂ 2.25 ಅಂಗುಲವೇ.

ಮೂಲೆಯ ಪಾಕೆಟ್‌ನ ಬಾಯಿ 4.5 ಅಂಗುಲವಿದ್ದರೆ, ಚೆಂಡಿನ ನಡುಬಿಂದು ಗುರಿಯಿಂದ ಎಡಕ್ಕೋ ಬಲಕ್ಕೋ 1.125 ಅಂಗುಲದಷ್ಟು ಸರಿಯಬಹುದು. ಪಾಕೆಟ್‌ನ ಅಂಚಿಗೆ ತಾಗಿ ಒಳಬೀಳುವ ಸಾಧ್ಯತೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 40 ಅಂಗುಲ ದೂರದಿಂದ ಇದು ಸುಮಾರು 1.6 ಡಿಗ್ರಿಯ ವಿನಾಯಿತಿ. 80 ಅಂಗುಲ ದೂರಕ್ಕೆ ಅದು 0.8 ಡಿಗ್ರಿಗೆ ಇಳಿಯುತ್ತದೆ. ದೂರ ಇಮ್ಮಡಿಯಾದರೆ ತಪ್ಪಿಗೆ ಇರುವ ಅವಕಾಶ ಅರ್ಧವಾಗುತ್ತದೆ. ದೊಡ್ಡ ಟೇಬಲ್‌ನಲ್ಲಿ ಹೊಡೆತದ ನೇರಕ್ಕೆ ಇಷ್ಟು ಬೆಲೆ ಬರುವುದು ಈ ಕಾರಣಕ್ಕೆ.

ಇಕ್ಕಟ್ಟಿನ ಕಷ್ಟ: ಹಾಗೆಂದು ಚಿಕ್ಕ ಟೇಬಲ್ ಏನನ್ನೂ ಕೇಳುವುದಿಲ್ಲ ಎಂದಲ್ಲ. ಎಯ್ಟ್‌ಬಾಲ್‌ನ 15 ಚೆಂಡುಗಳು 7 ಅಡಿಯ ಟೇಬಲ್‌ನಲ್ಲಿ ಹರಡಿದಾಗ ಒಂದು ಇನ್ನೊಂದರ ದಾರಿಗೆ ಅಡ್ಡ ನಿಲ್ಲುವುದು ಹೆಚ್ಚು. ಅಂಟಿಕೊಂಡ ಗುಂಪುಗಳನ್ನು ಬಿಡಿಸಬೇಕು. ಬಿಳಿ ಚೆಂಡನ್ನು ಅಂಗೈಯಗಲದ ಜಾಗದಲ್ಲಿ ನಿಲ್ಲಿಸಬೇಕು. ನಾಣ್ಯ ಹಾಕಿ ಆಡುವ ಟೇಬಲ್‌ಗಳಲ್ಲಿ ಬಿಳಿ ಚೆಂಡನ್ನು ಬೇರ್ಪಡಿಸಿ ಹಿಂದಿರುಗಿಸಲೆಂದು ಕೆಲವೆಡೆ ತುಸು ಭಾರದ ಅಥವಾ ದೊಡ್ಡ ಗಾತ್ರದ ಚೆಂಡನ್ನು ಬಳಸುವುದುಂಟು. ಭಾರದ ಚೆಂಡನ್ನು ಹಿಂದಕ್ಕೆ ಎಳೆದು ತರುವುದು ಕಷ್ಟ, ಅದು ಮುಂದಕ್ಕೇ ಉರುಳುತ್ತದೆ. ವರ್ಷಗಟ್ಟಲೆ ಪಳಗಿದ ಕೈಯ ಅಂದಾಜು ಇಲ್ಲಿ ಕೈಕೊಡುತ್ತದೆ.

ಮೊಸ್ಕೋನಿ ದಾಖಲೆಯನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕಾಗುತ್ತದೆ. ಅವರಿಗೆ ದೂರದ ಹೊಡೆತಗಳು ಕಡಿಮೆ ಎದುರಾಗಿರಬಹುದು. ಆದರೆ 8 ಅಡಿಯ ಟೇಬಲ್‌ನ ಇಕ್ಕಟ್ಟಿನಲ್ಲಿ ಪ್ರತಿ ಬಾರಿ 14 ಚೆಂಡು ಇಳಿಸಿ, ಮತ್ತೆ ಜೋಡಿಸಿದ ಗುಂಪನ್ನು ಒಡೆದು ದಾರಿ ಮಾಡಿಕೊಳ್ಳುವುದು ಸುಲಭದ ಕೆಲಸವಲ್ಲ.

ಅಂತರ ಕುಗ್ಗುವುದು ಎಲ್ಲಿ: ಇಬ್ಬರು ವೃತ್ತಿಪರರು ಎದುರಾದಾಗ ಚಿಕ್ಕ ಟೇಬಲ್ ಬೇರೊಂದು ಪರಿಣಾಮ ಬೀರುತ್ತದೆ. ಇಬ್ಬರೂ ಸಿಕ್ಕ ಅವಕಾಶದಲ್ಲಿ ಟೇಬಲ್ ಖಾಲಿ ಮಾಡಬಲ್ಲವರಾದರೆ, ಗೆಲುವು ಬ್ರೇಕ್ ಹೊಡೆತದ ಫಲವನ್ನು ಹೆಚ್ಚು ಅವಲಂಬಿಸುತ್ತದೆ. ದೊಡ್ಡ ಟೇಬಲ್‌ನಲ್ಲಿ ತಪ್ಪುಗಳು ಹೆಚ್ಚುವುದರಿಂದ ರಕ್ಷಣಾತ್ಮಕ ಆಟಕ್ಕೂ ತಾಳ್ಮೆಗೂ ಎಡೆಯಿದೆ. ಹಾಗಿದ್ದರೂ ಉತ್ತಮ ಆಟಗಾರ ಎಲ್ಲಿಯೂ ಉತ್ತಮನೇ ಎಂಬ ವಾದಕ್ಕೆ ಬಲವಿದೆ. ಆಟಗಾರರ ಸಾಮರ್ಥ್ಯವನ್ನು ಅಂಕಿಗಳಲ್ಲಿ ಅಳೆಯುವ 'ಫಾರ್ಗೊರೇಟ್' ಪದ್ಧತಿ 7 ಅಡಿ ಮತ್ತು 9 ಅಡಿಯ ಪಂದ್ಯಗಳನ್ನು ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ಯು.ಎಸ್. ಓಪನ್ ನೈನ್‌ಬಾಲ್ ಕಿರೀಟವನ್ನು ಐದು ಬಾರಿ ತೊಟ್ಟ, 2022ರಲ್ಲಿ ವಿಶ್ವ ಚಾಂಪಿಯನ್ ಆದ ಶೇನ್ ವ್ಯಾನ್ ಬೋನಿಂಗ್ ಬಾರ್ ಟೇಬಲ್ ಚಾಂಪಿಯನ್‌ಷಿಪ್‌ಗಳನ್ನೂ ಗೆದ್ದವರು. ಚಿಕ್ಕ ಟೇಬಲ್‌ನ ಇಂಗ್ಲಿಷ್ ಪೂಲ್‌ನಿಂದ ಬಂದ ಡ್ಯಾರೆನ್ ಆ್ಯಪಲ್‌ಟನ್ 2008ರಲ್ಲಿ ವಿಶ್ವ ಟೆನ್‌ಬಾಲ್ ಪ್ರಶಸ್ತಿಯನ್ನೂ 2010 ಮತ್ತು 2011ರಲ್ಲಿ ಯು.ಎಸ್. ಓಪನ್ ಪ್ರಶಸ್ತಿಯನ್ನೂ ಗೆದ್ದರು.

ಪಾಕೆಟ್‌ನ ಪಾತ್ರ: ಟೇಬಲ್‌ನ ಗಾತ್ರದ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆಯಾಗುವ ಸಂಗತಿ ಪಾಕೆಟ್. ಮ್ಯಾಚ್‌ರೂಮ್ ಸಂಸ್ಥೆ ನಡೆಸುವ ವೃತ್ತಿಪರ ನೈನ್‌ಬಾಲ್ ಪಂದ್ಯಾವಳಿಗಳಲ್ಲಿ ಈಚಿನ ವರ್ಷಗಳಲ್ಲಿ ಮೂಲೆಯ ಪಾಕೆಟ್ ಸುಮಾರು 4 ಅಂಗುಲಕ್ಕೆ ಕಿರಿದಾಗಿದೆ. ಮೇಲಿನ ಲೆಕ್ಕದಂತೆಯೇ ನೋಡಿದರೆ, ಅರ್ಧ ಅಂಗುಲದ ಈ ಕಡಿತದಿಂದ 80 ಅಂಗುಲ ದೂರದ ಹೊಡೆತ 103 ಅಂಗುಲ ದೂರದ ಹೊಡೆತದಷ್ಟು ಕಠಿಣವಾಗುತ್ತದೆ. 9 ಅಡಿಯಿಂದ 10 ಅಡಿಯ ಟೇಬಲ್‌ಗೆ ಹೋದರೆ ಅಂಗಣದ ಉದ್ದ ಹೆಚ್ಚುವುದು ಶೇ 12ರಷ್ಟು. ಪಾಕೆಟ್ ಕಿರಿದಾಗಿಸಿದರೆ ದೂರ ಶೇ 29ರಷ್ಟು ಹೆಚ್ಚಿದಂತೆ. ಟೇಬಲ್ ಬದಲಿಸದೆಯೇ ಆಟವನ್ನು ಬದಲಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮವರಿಗೆ ಪಾಠ: ಇದು ದೂರದ ಅಮೆರಿಕದ ಸಂಗತಿ ಎಂದು ಸುಮ್ಮನಿರುವಂತಿಲ್ಲ. ಭಾರತದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಬಿಲಿಯರ್ಡ್ಸ್, ಸ್ನೂಕರ್ ಜತೆಗೆ ಪೂಲ್ ವಿಭಾಗವೂ ಇದೆ. ಆದರೆ ಪಂಕಜ್ ಅಡ್ವಾಣಿಯಂಥ ವಿಶ್ವ ಚಾಂಪಿಯನ್ನರನ್ನು ಬೆಳೆಸಿದ ಬೆಂಗಳೂರಿನ ಹಿರಿಮೆ ಕಟ್ಟಲ್ಪಟ್ಟಿರುವುದು 12 ಅಡಿಯ ಟೇಬಲ್ ಮೇಲೆ. ಅಡ್ವಾಣಿ 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ತಮ್ಮ 28ನೇ ವಿಶ್ವ ಪ್ರಶಸ್ತಿ ಗೆದ್ದರು.

ದೊಡ್ಡ ಟೇಬಲ್‌ನಲ್ಲಿ ಪಳಗಿದವರು ಪೂಲ್‌ನಲ್ಲಿ ಮಿಂಚಿದ ನಿದರ್ಶನಗಳಿವೆ. ಮಹಿಳಾ ಸ್ನೂಕರ್‌ನ ವಿಶ್ವ ಚಾಂಪಿಯನ್ ಆಗಿದ್ದ ಇಂಗ್ಲೆಂಡ್‌ನ ಆ್ಯಲಿಸನ್ ಫಿಷರ್ 1995ರಲ್ಲಿ ಅಮೆರಿಕಕ್ಕೆ ತೆರಳಿ ನೈನ್‌ಬಾಲ್‌ನಲ್ಲೂ ವಿಶ್ವ ಕಿರೀಟ ಧರಿಸಿದರು. ಮಾಲ್ಟಾದ ಸ್ನೂಕರ್ ಆಟಗಾರ ಟೋನಿ ಡ್ರಾಗೊ 2003ರಲ್ಲಿ ವಿಶ್ವ ಪೂಲ್ ಮಾಸ್ಟರ್ಸ್ ಗೆದ್ದರು. ಸ್ನೂಕರ್ ಕಲಿಸಿದ ನೇರ ಹೊಡೆತ ಅವರಿಗೆ ಆಸರೆಯಾಯಿತು. ಆದರೆ ಪೂಲ್‌ನ ಬ್ರೇಕ್, ಚೆಂಡನ್ನು ನೆಗೆಸುವ ಹೊಡೆತ, ಭಾರದ ಚೆಂಡಿನ ಓಟ, ಇವನ್ನು 12 ಅಡಿಯ ಟೇಬಲ್ ಕಲಿಸಿಕೊಡುವುದಿಲ್ಲ. ಪೂಲ್‌ನಲ್ಲೇ ಬದುಕು ಕಂಡುಕೊಳ್ಳಲು ಬಯಸುವ ಯುವ ಆಟಗಾರರಿಗೆ ಸ್ಪರ್ಧಾ ಅಳತೆಯ ಟೇಬಲ್, ಸ್ಪರ್ಧಾ ಅಳತೆಯ ಪಾಕೆಟ್ ಎರಡೂ ಅಭ್ಯಾಸಕ್ಕೆ ದೊರೆಯಬೇಕು. ಸಡಿಲ ಪಾಕೆಟ್‌ನಲ್ಲಿ ಬೆಳೆದ ಆತ್ಮವಿಶ್ವಾಸ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲೇ ಕುಸಿಯಬಹುದು.

ಜಗತ್ತಿನೆಲ್ಲೆಡೆ ಒಂದೇ ಅಳತೆಯ ಟೇಬಲ್ ತರುವುದು ಸದ್ಯಕ್ಕೆ ಆಗದ ಮಾತು. ಆದರೆ ದಾಖಲೆಯ ಪಕ್ಕದಲ್ಲಿ ಟೇಬಲ್‌ನ ಉದ್ದವನ್ನೂ ಪಾಕೆಟ್‌ನ ಅಗಲವನ್ನೂ ನಮೂದಿಸಲು ಯಾವ ಅಡ್ಡಿಯೂ ಇಲ್ಲ. ಆ ಎರಡು ಅಂಕಿಗಳಿದ್ದರೆ ಮೊಸ್ಕೋನಿ ಮತ್ತು ಸ್ಮಿಟ್ ಇಬ್ಬರಿಗೂ ನ್ಯಾಯ ಸಲ್ಲುತ್ತದೆ. ನಾಳೆಯ ಆಟಗಾರ ತಾನು ಯಾವುದಕ್ಕೆ ಸಿದ್ಧನಾಗಬೇಕೆಂಬುದನ್ನು ಮೊದಲೇ ತಿಳಿಯುತ್ತಾನೆ.