ಶೂನ್ಯ ಬಿಲ್ಲಿನ ಹಿಂದಿರುವ ಹೊಗೆಯ ಲೆಕ್ಕ

ಗೃಹಜ್ಯೋತಿ ಯೋಜನೆಯಡಿ 2023ರ ಆಗಸ್ಟ್‌ನಿಂದ ಉಡುಪಿ ಜಿಲ್ಲೆಯ ಅನೇಕ ಮನೆಗಳಿಗೆ ಮೆಸ್ಕಾಂನ ಶೂನ್ಯ ಬಿಲ್ಲು ಬರತೊಡಗಿತು. ಇದರಿಂದ ಬಡ ಹಾಗೂ ಮಧ್ಯಮ ವರ್ಗದ ಕುಟುಂಬಗಳಿಗೆ ಆಗಿರುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಿಲ್ಲು ಶೂನ್ಯವಾದ ಮಾತ್ರಕ್ಕೆ ಹೊಗೆ ಶೂನ್ಯವಾಗುವುದಿಲ್ಲ.

ದೇಶದ ವಿದ್ಯುತ್ತಿನಲ್ಲಿ ಇಂದಿಗೂ ಕಲ್ಲಿದ್ದಲಿನದೇ ದೊಡ್ಡ ಪಾಲು. ಹೀಗಾಗಿ ಒಂದು ಯುನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತಿಂಗಳಿಗೆ 150 ಯುನಿಟ್ ಬಳಸುವ ಮನೆಯ ಪಾಲು 100 ಕಿಲೋ ದಾಟುತ್ತದೆ. ಅಡುಗೆ ಅನಿಲದ ಒಂದು ಸಿಲಿಂಡರ್ ಪೂರ್ತಿ ಉರಿದಾಗ ಹೊರಬರುವುದು ಸುಮಾರು 42 ಕಿಲೋ. ಹಿಂದೆ ನಾವು ತೆಂಗಿನ ಮಡಲು ಉರಿಸಿ ಹಂಡೆಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದೆವು. ಈಗ 2 ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೂ ತಿಂಗಳಿಗೆ 30 ಯುನಿಟ್ ಆಗುತ್ತದೆ.

ಈ ಹೊಗೆ ನಮಗೆ ದೂರದ್ದಲ್ಲ. ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅಲ್ಲಿನ ಪರಿಸರ ಹಾನಿಗಾಗಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು. ಸ್ವಿಚ್ ಒತ್ತುವವರು ನಾವು, ಬೂದಿಯ ನಡುವೆ ಬದುಕುವವರು ಇನ್ನೊಬ್ಬರು.

ಸರಕಾರದ ನೀತಿಯಲ್ಲೂ ಒಂದು ಕೊರತೆಯಿದೆ. ಗೃಹಜ್ಯೋತಿಯ ಆರಂಭದ ನಿಯಮದಂತೆ 2022-23ರ ಸರಾಸರಿ ಬಳಕೆ ಹಾಗೂ ಅದರ ಶೇ. 10ರಷ್ಟು ಹೆಚ್ಚುವರಿ, 200 ಯುನಿಟ್‌ವರೆಗೆ ಉಚಿತ. ಅಂದರೆ 180 ಯುನಿಟ್ ಬಳಸುತ್ತಿದ್ದ ಮನೆಗೆ 198 ಯುನಿಟ್ ಉಚಿತ. ಮಿತವಾಗಿ 60 ಯುನಿಟ್ ಬಳಸುತ್ತಿದ್ದ ಮನೆಗೆ 66 ಮಾತ್ರ. ಉಳಿಸಿದವರಿಗೆ ಲಾಭವಿಲ್ಲ. ಇತ್ತ ಕೇಂದ್ರ ಸರಕಾರವು 2024ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ನ ಸೌರಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಆದರೆ ಬಿಲ್ಲೇ ಬಾರದ ಮನೆಯವರು ಉಳಿದ ಹಣವನ್ನು ಕೈಯಿಂದ ಹಾಕಿ ಫಲಕ ಕೂರಿಸುವುದಾದರೂ ಏಕೆ?

ಬಡವರ ಉಚಿತ ವಿದ್ಯುತ್ ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ಉಚಿತ ಮಿತಿಗಿಂತ ಕಡಿಮೆ ಬಳಸಿದ ಮನೆಗೆ ಸಣ್ಣ ಪ್ರೋತ್ಸಾಹಧನವಾದರೂ ಸಿಗಲಿ ಎಂಬುದು ನಮ್ಮ ಬೇಡಿಕೆ. ಗೃಹಜ್ಯೋತಿ ಮನೆಗಳಿಗೆ ಮಾತ್ರ ಅನ್ವಯಿಸುವುದರಿಂದ ನಮ್ಮ ಚರ್ಚ್ ಸಭಾಂಗಣಗಳು ಬಿಲ್ಲು ಕಟ್ಟಲೇಬೇಕು. ಅವುಗಳ ವಿಶಾಲ ಮಾಡಿನ ಮೇಲೆ ಸೌರಫಲಕ ಹಾಕಿದರೆ ಖರ್ಚೂ ಇಳಿಯುತ್ತದೆ, ಹೊಗೆಯೂ ಇಳಿಯುತ್ತದೆ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಕಳೆದ ವರ್ಷದ ವಿದ್ಯುತ್ ಬಿಲ್ಲುಗಳನ್ನು ಮೇಜಿನ ಮೇಲಿಟ್ಟು ಚರ್ಚೆ ಆರಂಭಿಸೋಣ.