ತೊಟ್ಟಿಲಿಗೆ ಬಂದ ವಿಠಲ

ನಾಮಕರಣದ ದಿನ ಹತ್ತಿರವಾದಂತೆ ಮನೆಯಲ್ಲೊಂದು ಸಣ್ಣ ವ್ಯಾಜ್ಯ ಹುಟ್ಟುವುದು ಲೋಕರೂಢಿ. ತಾತನಿಗೆ ತನ್ನ ತಂದೆಯ ಹೆಸರು ಉಳಿಯಬೇಕೆಂಬ ಆಸೆ. ಸೊಸೆಗೆ ಬೀದಿಯಲ್ಲಿ ಇನ್ನಾರಿಗೂ ಇಲ್ಲದ ಹೆಸರು ಬೇಕೆಂಬ ಹಂಬಲ. ಕಡೆಗೆ ರಾಜಿಯಾಗುತ್ತದೆ: ತೊಟ್ಟಿಲಿಗೊಂದು ಹೆಸರು, ಶಾಲೆಗೊಂದು ಹೆಸರು. ತೊಟ್ಟಿಲು ಅಟ್ಟವೇರಿದಾಗ ಮೊದಲನೆಯ ಹೆಸರೂ ಅದರೊಡನೆ ಅಟ್ಟವೇರುತ್ತದೆ.

ರಾಯಚೂರು ಸೀಮೆಯಲ್ಲಿ ಹಾಗೆ ಹಳತೆನಿಸಿಕೊಳ್ಳುವ ಹೆಸರುಗಳಲ್ಲಿ ವಿಠಲ ಎಂಬುದೂ ಒಂದು. ತಂದೆತಾಯಿಯರ ಸೇವೆಯಲ್ಲಿದ್ದ ಪುಂಡಲೀಕನ ಬಾಗಿಲಿಗೆ ದೇವರೇ ಬಂದನಂತೆ. ಪುಂಡಲೀಕ ಎದ್ದು ಬರಲಿಲ್ಲ. ಒಂದು ಇಟ್ಟಿಗೆಯನ್ನೆಸೆದು, ಅದರ ಮೇಲೆ ನಿಂತಿರು ಎಂದನಂತೆ. ಮರಾಠಿಯಲ್ಲಿ ಇಟ್ಟಿಗೆಗೆ ವೀಟ್ ಎನ್ನುವರು. ಅದರ ಮೇಲೆ ನಿಂತವನೇ ವಿಠಲನೆಂದು ಭಕ್ತರ ನಂಬಿಕೆ. ಭಾಷಾಪಂಡಿತರಲ್ಲಿ ಕೆಲವರ ಮತ ಬೇರೆ. ಸಂಸ್ಕೃತದ ವಿಷ್ಣು ಕನ್ನಡಿಗರ ನಾಲಗೆಯಲ್ಲಿ ವಿಟ್ಟಿ, ಬಿಟ್ಟಿ ಎಂದಾಗಿ, ಅದರಿಂದ ವಿಠಲ ಬಂದಿತೆನ್ನುತ್ತಾರೆ. ಹೊಯ್ಸಳ ವಿಷ್ಣುವರ್ಧನನು ಬಿಟ್ಟಿದೇವನೆನಿಸಿಕೊಂಡದ್ದೂ ಹೀಗೆಯೇ.

ಈ ಹೆಸರು ಇಲ್ಲಿಗೆ ನೆನ್ನೆ ಮೊನ್ನೆ ಬಂದುದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದು ಕಲ್ಲಿದೆ. ಅದರ ಮೇಲಿನ 1294ರ ಶಾಸನದಲ್ಲಿ, ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದವನ ಹೆಸರು ವಿಠಲನೆಂದೇ ಇದೆ.

ಕೋಟೆಯ ಕಲ್ಲಿನ ಮೇಲಿದ್ದ ಹೆಸರು ಜನರ ನಾಲಗೆಯ ಮೇಲೆ ನಲಿದುದು ಹರಿದಾಸರಿಂದ. ಮಾನ್ವಿಯ ಬಳಿಯ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ದಾಸಪ್ಪ ಮುಂದೆ ವಿಜಯದಾಸರಾದರು. ಅವರ ಅಂಕಿತ ವಿಜಯವಿಠಲ. ದೇವದುರ್ಗ ಸೀಮೆಯ ಮೊಸರಕಲ್ಲಿನ ಭಾಗಣ್ಣ ಅವರ ಶಿಷ್ಯರಾಗಿ ಗೋಪಾಲದಾಸರೆನಿಸಿದರು, ಅಂಕಿತ ಗೋಪಾಲವಿಠಲ. ಬ್ಯಾಗವಾಟದ ಶ್ರೀನಿವಾಸಾಚಾರ್ಯರ ಕಥೆ ಇನ್ನೂ ಸ್ವಾರಸ್ಯವಾದುದು. ಸಂಸ್ಕೃತದ ದೊಡ್ಡ ಪಂಡಿತರಾದ ಅವರು ಕನ್ನಡದಲ್ಲಿ ಹಾಡುವ ವಿಜಯದಾಸರ ಕರೆಯನ್ನು ಕಡೆಗಣಿಸಿ, ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪವೇ ನಿಜವಾಯಿತು. ಆಗ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಗರ್ವವಳಿದ ಪಂಡಿತರು ಜಗನ್ನಾಥದಾಸರಾದರು. ಜಗನ್ನಾಥವಿಠಲ ಎಂಬ ಅಂಕಿತದಿಂದ ಹರಿಕಥಾಮೃತಸಾರವನ್ನು ಕನ್ನಡದ ಭಾಮಿನೀ ಷಟ್ಪದಿಯಲ್ಲಿ ರಚಿಸಿದರು. 1809ರಲ್ಲಿ ಅವರು ಮಾನ್ವಿಯಲ್ಲಿಯೇ ಕಾಲವಾದರು.

ಹಳೆಯ ಕಥೆಯಿಂದ ಹೆಸರನ್ನು ತರುವ ಪದ್ಧತಿ ನಮ್ಮದೊಂದೇ ಅಲ್ಲ. ಬಹುದೂರದ ಫಿನ್ಲೆಂಡಿನಲ್ಲಿ ಎಲಿಯಾಸ್ ಲೊನ್ರೂತ್ ಎಂಬ ವೈದ್ಯನು ಹಳ್ಳಿಗರ ಹಾಡುಗಳನ್ನು ಕೂಡಿಸಿ 1835ರಲ್ಲಿ ‘ಕಾಲೆವಾಲ’ ಎಂಬ ಮಹಾಕಾವ್ಯವನ್ನು ಪ್ರಕಟಿಸಿದನು. 1849ರಲ್ಲಿ ಅದನ್ನು ವಿಸ್ತರಿಸಿದನು. ಹಾಡುಗಳಲ್ಲಿ ‘ಐನೊ’ ಎಂದರೆ ಒಬ್ಬಳೇ ಎಂದಷ್ಟೇ ಅರ್ಥ; ಅದನ್ನು ಅವನು ಕಥೆಯ ಕನ್ಯೆಯೊಬ್ಬಳ ಹೆಸರಾಗಿಸಿದನು. ಕಾವ್ಯದ ಕಮ್ಮಾರ ಇಲ್ಮರಿನೆನ್ ಹೆಸರಿನಲ್ಲಿ ‘ಇಲ್ಮ’, ಎಂದರೆ ಗಾಳಿ, ಇದೆ. ನಮ್ಮ ಭೀಮಣ್ಣನನ್ನು ವಾಯುಪುತ್ರನೆಂದಂತೆ! ಸ್ವೀಡಿಷ್ ಹೆಸರುಗಳಿಗೆ ಒಗ್ಗಿದ್ದ ಸುಶಿಕ್ಷಿತ ಮನೆತನಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಕ್ಕಳಿಗೆ ಐನೊ, ಇಲ್ಮರಿ ಎಂದು ಹೆಸರಿಡತೊಡಗಿದವು. ಬಡವರ ಹಾಡಿನ ಮಾತು ಹೀಗೆ ದೊಡ್ಡ ಮನೆಗಳ ತೊಟ್ಟಿಲೇರಿತು.

ಸೊಸೆಯ ಆಸೆಯೂ ತಪ್ಪಲ್ಲ. ಹೊಸ ಹೆಸರುಗಳಲ್ಲಿಯೂ ಸೊಗಸುಂಟು. ಆದರೆ ತಾತನ ಹೆಸರನ್ನು ಬದಿಗಿಡುವ ಮುನ್ನ ಅದರ ಕಥೆಯನ್ನೊಮ್ಮೆ ಅವನ ಬಾಯಿಂದಲೇ ಕೇಳುವುದು ಒಳ್ಳೆಯದು. ಮುಪ್ಪಿನ ತಂದೆತಾಯಿಯರ ಸೇವೆಗಾಗಿ ಮಗನೊಬ್ಬನು ದೇವರನ್ನೇ ಬಾಗಿಲಲ್ಲಿ ಕಾಯಿಸಿದನು. ದೇವರೂ ಸಿಟ್ಟಾಗದೆ, ಸೊಂಟದ ಮೇಲೆ ಕೈಯಿಟ್ಟು ಕಾದು ನಿಂತನು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೂಸು ನಿದ್ರೆ ಹೋಗಿರುತ್ತದೆ. ತೊಟ್ಟಿಲು ತೂಗುತ್ತಿರುವ ಸೊಸೆ ಮಾತ್ರ ಎಲ್ಲವನ್ನೂ ಕೇಳಿರುತ್ತಾಳೆ.